ಮಡ್ಡಿಗೆ ಕಸ ಹೊಡೆಯುವ ಪಾರವ್ವ

ಜನವರಿಯ ಎರಡನೇ ಗುರುವಾರ. ಹೊತ್ತು ಮೂಡಲು ಇನ್ನೂ ಅರ್ಧ ತಾಸಿದೆ. ಘೋಡಗೇರಿಯ ಹೊರಗಿನ ಮಡ್ಡಿಯ, ಅಂದರೆ ಬರಡು ದಿಬ್ಬದ, ಮೇಲೆ ಪಾರವ್ವ ನೀರಲ್ಲಿ ನೆನೆಸಿದ ಗೋಣಿಚೀಲಕ್ಕೆ ಹಗ್ಗ ಕಟ್ಟಿ, ಬೆನ್ನು ಬಾಗಿಸಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತ ಎಳೆಯುತ್ತಿದ್ದಾರೆ. ಕಾಲಡಿಗೆ ಹತ್ತು ಹೆಜ್ಜೆ ಅಗಲದ ಕರಿ ಉಸುಕಿನ ದುಂಡನೆಯ ಅಂಗಳ. ಒಂದು ಸುತ್ತು ಮುಗಿದಾಗ ನಿಂತು ನೋಡುತ್ತಾರೆ. ಆಡಿನ ಗೊರಸಿನ ಗುರುತಾಗಲಿ, ತಮ್ಮದೇ ಹೆಜ್ಜೆಯಾಗಲಿ ಉಳಿದಿರಬಾರದು. ನಟ್ಟನಡುವೆ ಹುಗಿದ ಬಣ್ಣದ ಡಬ್ಬಿ, ಅದರಲ್ಲಿ ಬಿದಿರಿನ ಗಳ, ಗಳದ ತುದಿಗೆ ಹಳೆಯ ಸೀರೆಯ ಕೆಂಪು ತುಂಡು. ಇಂಥವು ಒಟ್ಟು ಆರು. ನಾಲ್ಕು ಮುಗಿದಿವೆ.

‘ಬಿಸಲ ಏರೂದ್ರಾಗ ಮುಗಸಬೇಕ್ರಿ. ಸಾಹೇಬ್ರು ಏಳೂವರಿ ಅಂದ್ರ ಬಂದ ಬಿಡ್ತಾರ’ ಎನ್ನುತ್ತಲೇ ಐದನೆಯದರತ್ತ ನಡೆಯುತ್ತಾರೆ. ವಯಸ್ಸು ಐವತ್ತಾರು. ಎಡಗಾಲು ತುಸು ಎಳೆಯುತ್ತದೆ.

ಇದು ಗಾಲ್ಫ್ ಮೈದಾನ. ಹಾಗೆಂದು ಹೇಳಿದರೆ ಹುಕ್ಕೇರಿಯಲ್ಲಿ ನಗುವವರೇ ಹೆಚ್ಚು. ಟಿ.ವಿ.ಯಲ್ಲಿ ಕಾಣುವ ಹಸಿರು ಹುಲ್ಲು ಇಲ್ಲಿಲ್ಲ, ಈ ನೆಲದಲ್ಲಿ ಬೆಳೆಯುವುದೂ ಇಲ್ಲ. ಅದಕ್ಕೇ ಉಸುಕು. ಹಳ್ಳದ ಉಸುಕನ್ನು ಜರಡಿ ಹಿಡಿದು, ಗ್ಯಾರೇಜಿನಿಂದ ತಂದ ಹಳೆಯ ಕರಿ ಆಯಿಲ್ ಕಲಸಿ ಹರಡಿದರೆ ಗಾಳಿಗೆ ಹಾರುವುದಿಲ್ಲ, ಚೆಂಡು ಸಲೀಸಾಗಿ ಉರುಳುತ್ತದೆ. ನಲವತ್ತು ವರ್ಷದ ಹಿಂದೆ ಕಾಲುವೆ ಕೆಲಸಕ್ಕೆಂದು ಬಂದು ಇಲ್ಲಿನ ಕಾಲೊನಿಯಲ್ಲಿದ್ದ ಎಳೆಯ ಎಂಜಿನಿಯರುಗಳು ರವಿವಾರ ಕಳೆಯಲು ಮಾಡಿಕೊಂಡ ಆಟ ಇದು. ಕೆಲಸ ಮುಗಿಯಿತು, ಒಬ್ಬೊಬ್ಬರಿಗೆ ಒಂದೊಂದು ಊರಿಗೆ ವರ್ಗವಾಯಿತು, ಕಾಲೊನಿಯ ಗೋಡೆಗಳೂ ಬಿದ್ದವು. ಆದರೆ ಏಳು ಜನ ಗೆಳೆಯರು ಮಾತ್ರ ಪ್ರತಿ ಜನವರಿಯಲ್ಲಿ ನಾಲ್ಕು ದಿನ ಬಿಡುವು ಮಾಡಿಕೊಂಡು ಬರುವುದನ್ನು ಬಿಡಲಿಲ್ಲ. ವಸತಿ ಗೋಕಾಕದ ಲಾಡ್ಜಿನಲ್ಲಿ. ಮುಂಜಾನೆ ಕಾರಿನಲ್ಲಿ ಬಂದು ಮಧ್ಯಾಹ್ನದವರೆಗೆ ಆಡಿ, ಬೇವಿನ ಗಿಡದ ನೆರಳಲ್ಲಿ ಬುತ್ತಿ ಬಿಚ್ಚಿ ಉಂಡು, ಸಂಜೆ ಗೋಕಾಕ ಫಾಲ್ಸಿಗೆ ಹೋಗಿ ಕೂತು ಹಳೆಯದನ್ನೆಲ್ಲ ಮಾತಾಡಿಕೊಳ್ಳುವುದು ಅವರ ಪದ್ಧತಿ.

ಡಬ್ಬಿ ಹುಗಿದ ಆ ಆರೂ ಕುಣಿಗಳನ್ನು ತೋಡಿದವರು ಪಾರವ್ವನ ಗಂಡ ಉದ್ದಪ್ಪ. ಸಾಹೇಬರ ಚೀಲ ಹೊರುವುದು, ಕಳೆದ ಚೆಂಡು ಹುಡುಕುವುದು, ಮೈದಾನ ಹಸನು ಮಾಡುವುದು ಎಲ್ಲವೂ ಅವರದೇ. ಹನ್ನೊಂದು ವರ್ಷದ ಹಿಂದೆ, ಗೆಳೆಯರು ಬರಲು ತಿಂಗಳಿರುವಾಗ, ಉದ್ದಪ್ಪ ಎದೆನೋವಿನಿಂದ ತೀರಿಕೊಂಡರು. ಮಾತಾಡಿಸಲು ಮನೆಗೆ ಬಂದ ಹೆಬ್ಬಳ್ಳಿ ಸಾಹೇಬರು, ಗೆಳೆಯರನ್ನೆಲ್ಲ ಕೂಡಿಸುವ ಮುಂದಾಳು, ಇನ್ನು ಈ ಆಟ ಮುಗಿಯಿತು ಎಂದರಂತೆ.

‘ನಾ ಅಂದೆರಿ, ಯಾಕ ಮುಗೀತೈತಿ? ಅವ್ರು ಮಾಡೂದು ನಾ ದಿನಾ ನೋಡೇನಿ. ನಾ ಮಾಡ್ತೇನಿ ಅಂತ. ಮನ್ಯಾಗ ಕುಂತ್ರ ಅಳು ಬರ್ತಿತ್ತು. ಉಸುಕಾದ್ರೂ ಹೊರೂಣು ಅನಿಸಿತ್ತು.’

ಅಂದಿನಿಂದ ವರ್ಷಕ್ಕೆ ಮೂರು ವಾರ ಈ ಮಡ್ಡಿ ಪಾರವ್ವನದು. ಒಂದು ಅಂಗಳಕ್ಕೆ ನಲವತ್ತು ಬುಟ್ಟಿ ಉಸುಕು, ಆರಕ್ಕೆ ಇನ್ನೂರ ನಲವತ್ತು. ಎಲ್ಲವೂ ಕೆಳಗಿನ ಹಳ್ಳದಿಂದ ತಲೆಯ ಮೇಲೆಯೇ ಬರಬೇಕು. ಜಾಲಿಮುಳ್ಳು ಸವರಬೇಕು, ಹಾವಿನ ಹುತ್ತ ನೋಡಿಕೊಳ್ಳಬೇಕು. ಉಳಿದ ದಿನ ಕಬ್ಬು, ಅರಿಷಿಣದ ಹೊಲಗಳಲ್ಲಿ ಕೂಲಿ. ‘ಎಲ್ಲಾರೂ ಅಂಗಳಕ್ಕ ಕಸಾ ಹೊಡೀತಾರ, ಪಾರವ್ವ ಮಡ್ಡಿಗಿ ಹೊಡೀತಾಳ ಅಂತ ನಗ್ತಾರ್ರಿ. ನಗಲಿ’ ಎಂದು ಅವರೂ ನಗುತ್ತಾರೆ. ಚೆಂಡಿಗೆ ಕೋಲು ತಗುಲಿದ ಸಪ್ಪಳ ಕೇಳಿಯೇ ಅದು ಯಾವ ಪೊದೆಗೆ ಹೋಗಿ ಬಿತ್ತೆಂದು ಹೇಳಬಲ್ಲರು. ಆದರೆ ಆ ಕೋಲನ್ನು ಒರೆಸಿ ಕೊಟ್ಟಿದ್ದಾರೆಯೇ ಹೊರತು ಒಮ್ಮೆಯೂ ಬೀಸಿದವರಲ್ಲ.

ಏಳು ಜನ ಐದಾದರು, ಮೂವರಾದರು. ಹೋದ ಎರಡು ವರ್ಷ ಬಂದವರು ಇಬ್ಬರೇ, ಹೆಬ್ಬಳ್ಳಿ ಮತ್ತು ಸರನಾಡಗೌಡ. ಯಾರೇ ತೀರಿಕೊಂಡರೂ ಪಾರವ್ವನಿಗೆ ಸುದ್ದಿ ಮುಟ್ಟಿಸುತ್ತಿದ್ದವರು ಹೆಬ್ಬಳ್ಳಿಯವರು. ‘ದೇಸಾಯಿ ಹ್ವಾದ ಪಾರವ್ವ’ ಎಂದು ಫೋನಿನಲ್ಲಿ ಅಷ್ಟೇ ಹೇಳಿ ಇಟ್ಟುಬಿಡುತ್ತಿದ್ದರಂತೆ. ದಸರೆ ಮುಗಿದ ಮೇಲೆ ಬರುವ ದಿನ ತಿಳಿಸಲು ಇನ್ನೊಂದು ಫೋನು. ಈ ಸಲ ಅದು ಬರಲಿಲ್ಲ. ‘ಫೋನ್ ಕೆಟ್ಟಿರಬೇಕು ಅನಕೊಂಡೆ. ದೊಡ್ಡ ಮಂದಿಗಿ ನಾವಾಗೇ ಹ್ಯಾಂಗ್ ಹಚ್ಚೂದ್ರಿ? ದಿನಾ ಅಂತೂ ಗೊತ್ತೈತಿ, ಎರಡನೇ ಗುರುವಾರ.’

ಗುರುವಾರ ಏಳೂವರೆಯಾಯಿತು. ಒಂಬತ್ತಾಯಿತು. ಮಡ್ಡಿಯ ಅಂಚಿಗೆ ಬಂದು ಪಾರವ್ವ ಹಾದಿ ನೋಡುತ್ತಾರೆ. ಕಬ್ಬಿನ ಟ್ರ್ಯಾಕ್ಟರು ಹೋಗುತ್ತವೆ, ಕಾರಿಲ್ಲ. ನಡುಹಗಲಿಗೆ ಗಾಳಿ ಎದ್ದು ಉಸುಕಿನ ಮೇಲೆ ಬೇವಿನ ಎಲೆ ಬೀಳುತ್ತವೆ. ಒಂದೊಂದನ್ನೇ ಆಯುತ್ತಾರೆ. ಮರುದಿನ ನಸುಕಿಗೆ ಮತ್ತೆ ಗೋಣಿ ನೆನೆಸಿ ಆರೂ ಅಂಗಳ ಎಳೆಯುತ್ತಾರೆ. ಶುಕ್ರವಾರವೂ ಯಾರೂ ಬರಲಿಲ್ಲ.

ಶನಿವಾರ ಮುಂಜಾನೆ ಕಿರಾಣಿ ಅಂಗಡಿಯ ಮುರಿಗೆಪ್ಪನವರ ಮುಂದೆ ತಮ್ಮ ಫೋನು ಹಿಡಿದು, ‘ಕಾಕಾ, ಇದರಾಗ ಹೆಬ್ಬಳ್ಳಿ ಸಾಹೇಬ್ರ ನಂಬರ ಹಚ್ಚಿ ಕೊಡ್ರಿ’ ಎಂದರು. ಧಾರವಾಡದಲ್ಲಿ ಫೋನೆತ್ತಿದವರು ಸಾಹೇಬರ ಹೆಂಡತಿ.

‘ಸಾಹೇಬ್ರು ಅದಾರೇನ್ರಿ?’

‘ಅವರು ಹೋಗಿ ಐದು ತಿಂಗಳಾತು. ನೀವು ಯಾರು?’

‘ನಾ ಪಾರವ್ವರಿ. ಘೋಡಗೇರಿ ಪಾರವ್ವ.’

‘ಯಾವ ಪಾರವ್ವ?’

ಹನ್ನೊಂದು ವರ್ಷವನ್ನು ಯಾವ ತುದಿಯಿಂದ ಹೇಳುವುದು? ಮುರಿಗೆಪ್ಪನವರೇ ಫೋನು ತೆಗೆದುಕೊಂಡು, ಸಾಹೇಬರು ಚೆಂಡಾಟಕ್ಕೆ ಬರುತ್ತಿದ್ದರಲ್ಲ, ಆ ಮೈದಾನ ನೋಡಿಕೊಳ್ಳುವ ಹೆಣ್ಣುಮಗಳು, ಈ ಸಲವೂ ಎಲ್ಲ ಹಸನು ಮಾಡಿಟ್ಟು ಮೂರು ದಿನದಿಂದ ಕಾಯುತ್ತಿದ್ದಾಳೆ ಎಂದರು.

‘ಮೂರು ವಾರ ಇಲ್ಲದ ಮನಷ್ಯಾಗ ಉಸುಕು ಹೊತ್ತೇನ್ರಿ’ ಎನ್ನುತ್ತಾರೆ ಪಾರವ್ವ. ದನಿಯಲ್ಲಿ ಸಿಟ್ಟಿಲ್ಲ. ‘ಶ್ರಾವಣದಾಗ ಹ್ವಾದ್ರಂತ. ಆವಾಗ ತಿಳದಿದ್ರ ಒಂದ್ ಹೊತ್ತ ಊಟಾ ಬಿಡತಿದ್ನಿ. ಮಣ್ಣಿಗಿ ಹೋಗಾಕ ಬಸ್ಸರ ಸಿಗತಿತ್ತು. ನಾ ಆ ದಿನಾ ಎಲ್ಲಿದ್ನೋ, ಯಾರ ಹೊಲದಾಗ ನಕ್ಕೋತ ಕಳೇ ತೆಗ್ಯಾಕತ್ತಿದ್ನೋ.’

ಆ ಶನಿವಾರ ಅವರು ಮಡ್ಡಿಗೆ ಹೋಗಲಿಲ್ಲ. ಒಲೆಯನ್ನೂ ಹಚ್ಚಲಿಲ್ಲ. ಮೂಡಲಗಿಗೆ ಕೊಟ್ಟ ಮಗಳು ನಂದಾ ಫೋನು ಮಾಡಿ, ‘ಹೋಗ್ಲಿ ಬಿಡವ್ವ, ಅವರೇನ್ ನಮ್ಮ ಬೀಗರೇನು?’ ಎಂದಳಂತೆ.

ರವಿವಾರ ಹತ್ತು ಗಂಟೆಗೆ ಮನೆಯ ಮುಂದೆ ಕಾರು ನಿಂತಿತು. ನಡೆಸಿಕೊಂಡು ಬಂದವರು ವಿಜಯಶ್ರೀ, ಸರನಾಡಗೌಡ ಸಾಹೇಬರ ಮಗಳು. ಪಕ್ಕದಲ್ಲಿ ಸಾಹೇಬರು. ದೀಪಾವಳಿಗೆ ಮೊದಲು ಲಕ್ವಾ ಹೊಡೆದು ಬಲಗೈ ಸೋತು ಜೋತುಬಿದ್ದಿದೆ. ಹಿಂದಿನ ರಾತ್ರಿ ಹೆಬ್ಬಳ್ಳಿಯವರ ಹೆಂಡತಿ ಹುಬ್ಬಳ್ಳಿಯ ಇವರ ಮನೆಗೆ ಫೋನು ಮಾಡಿ ವಿಷಯ ತಿಳಿಸಿದ್ದರು. ಮಗಳು ಎಷ್ಟು ಬೇಡವೆಂದರೂ ಸಾಹೇಬರು ಹೊರಟು ನಿಂತರು.

ಪಾರವ್ವನನ್ನು ಕೂರಿಸಿಕೊಂಡು ಕಾರು ಮಡ್ಡಿ ಏರಿತು. ಸಾಹೇಬರು ಮಗಳ ಹೆಗಲು ಹಿಡಿದು ಇಳಿದು, ಆರೂ ಕೆಂಪು ಬಟ್ಟೆಗಳನ್ನು ಒಂದೊಂದಾಗಿ ನೋಡಿದರು.

‘ಇದನ್ನೆಲ್ಲಾ ಯಾರ ಸಲುವಾಗಿ ಮಾಡೀದಿ ಪಾರವ್ವ?’

‘ನಿಮ್ಮ ಸಲುವಾಗೇರಿ.’

ಸಾಹೇಬರು ಬೇವಿನ ಬುಡದ ಕಲ್ಲಿನ ಮೇಲೆ ಕುಳಿತರು. ‘ಹೆಬ್ಬಳ್ಳಿ ಹೋದಾಗ ನಾನಽ ಎಲ್ಲಾರಿಗೂ ಫೋನ್ ಹಚ್ಚಿದೆ. ಪುಣೆ, ಸೊಲ್ಲಾಪುರ, ಎಲ್ಲಾ ಕಡೆ. ನಿನಗ ಹೇಳಬೇಕು ಅಂತ ಹೊಳೀಲೇ ಇಲ್ಲ. ತಪ್ಪಾತು’ ಎಂದರು. ಪಾರವ್ವ ಸೆರಗಿನಿಂದ ಮುಖ ಒರೆಸಿಕೊಂಡರು, ಇರಲಿ ಬಿಡ್ರಿ ಎಂದು ಹೇಳಲಿಲ್ಲ. ಹೇಳಲು ಮನಸ್ಸೇ ಬರಲಿಲ್ಲ ಎಂದು ಈಗ ಒಪ್ಪಿಕೊಳ್ಳುತ್ತಾರೆ.

ಸಾಹೇಬರು ಮಗಳಿಗೆ ಹೇಳಿ ಡಿಕ್ಕಿಯಿಂದ ಕೋಲುಗಳ ಚೀಲ ತೆಗೆಸಿದರು. ‘ನನ್ನ ಕೈ ನಡಿಯೂದಿಲ್ಲ. ಹೆಬ್ಬಳ್ಳಿ ಪಾಳಿ ನೀ ಹೊಡಿ.’

‘ನನಗ ಬರೂದಿಲ್ರಿ ಸಾಹೇಬ್ರ.’

‘ಹನ್ನೊಂದು ವರ್ಷ ಏನ್ ನೋಡೀದಿ ಮತ್ತ? ಹೊಡಿ.’

ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಪಾರವ್ವ ಕೋಲು ಹಿಡಿದರು. ಮೊದಲ ಮೂರು ಏಟಿಗೆ ಮಣ್ಣೇ ಹಾರಿತು. ನಾಲ್ಕನೆಯದಕ್ಕೆ ಚೆಂಡು ನೆಲ ಬಿಟ್ಟು ಮೂವತ್ತು ಹೆಜ್ಜೆ ಹೋಯಿತು. ಸಾಹೇಬರು ಕುಳಿತಲ್ಲಿಂದಲೇ ಗಟ್ಟಿಯಾಗಿ ಎಣಿಸುತ್ತಿದ್ದರು. ವಿಜಯಶ್ರೀ ಬಿದಿರಿನ ಗಳ ಕಿತ್ತು ಹಿಡಿದು ನಿಂತಿದ್ದರು. ಹದಿಮೂರನೆಯ ಏಟಿಗೆ ಚೆಂಡು ಡಬ್ಬಿಯಲ್ಲಿ ಬಿದ್ದು ಸಪ್ಪಳವಾಯಿತು. ಆ ಸಪ್ಪಳಕ್ಕೆ ಸಾಹೇಬರು ಅಳತೊಡಗಿದರು. ಎರಡನೆಯ ಕುಣಿ ಯಾರೂ ಆಡಲಿಲ್ಲ.

ಮಧ್ಯಾಹ್ನದ ಮೊದಲೇ ಹೊರಟರು. ‘ಇನ್ ಸಾಕು ಪಾರವ್ವ. ಮುಂದಿನ ವರ್ಷ ಉಸುಕು ಹೊರಬ್ಯಾಡ’ ಎಂದರು ಸಾಹೇಬರು. ಆ ಸಂಜೆಯೇ ಪಾರವ್ವ ಆರೂ ಗಳ ಕಿತ್ತು ಮನೆಯ ಮಾಡಿಗೆ ಸಿಕ್ಕಿಸಿದರು.

ಈಗ ಅವರು ಕಲ್ಲೋಳಿಯ ಕಡೆ ಅರಿಷಿಣ ಕೀಳುವ ಕೂಲಿಗೆ ಹೋಗುತ್ತಾರೆ. ಮಡ್ಡಿಯ ಮೇಲೆ ಆಡುಗಳು ತಿರುಗುತ್ತವೆ. ಕರಿ ಉಸುಕಿನ ನಡುವೆ ಆಗಲೇ ಮುಳ್ಳಿನ ಸಸಿ ಎದ್ದಿವೆ. ನೋಡಿ ಬರುತ್ತೀರಾ ಎಂದು ಕೇಳಿದರೆ ತಲೆ ಅಲ್ಲಾಡಿಸುತ್ತಾರೆ. ‘ಮಡ್ಡಿ ಮಡ್ಡಿ ಆಗಾಕತ್ತೈತ್ರಿ. ಅದಕ್ಯಾಕ ನೋಡೂದು?’

ಏನಾದರೂ ಆಸೆ ಉಳಿದಿದೆಯೇ ಎಂಬ ಪ್ರಶ್ನೆಗೆ ಕೈಯ ಹಳದಿ ಮಣ್ಣನ್ನು ತಿಕ್ಕಿ ತೆಗೆಯುತ್ತ ಹೇಳುತ್ತಾರೆ.

‘ಕಾರ್ ತಿರಗೂ ಮುಂದ ಸಾಹೇಬ್ರ ಮಗಳು ಅಕ್ಕಾರ ಕೈಯಾಗ ನನ್ನ ನಂಬರ್ ಬರಿಸಿ ಕೊಟ್ಟೇನ್ರಿ. ನಿಮ್ಮ ಅಪ್ಪಾರಿಗಿ ಏನರ ಹೆಚ್ಚು ಕಡಿಮಿ ಆದ್ರ ನನಗೂ ಒಂದ್ ಫೋನ್ ಹಚ್ರಿ ಅಂದೇನಿ. ಹಚ್ಚತೇನಿ ಅಂದಾರ. ಸುದ್ದಿ ಮುಟ್ಟಸಬೇಕಾದ ಮಂದ್ಯಾಗ ನನ್ನೂ ಒಬ್ಬಾಕಿನ್ನ ಹಿಡದ್ರ ಸಾಕ್ರಿ.’