ಮುಚ್ಚಳದ ಮೇಲಿನ ಹೆಬ್ಬೆರಳ ಗುರುತು

ತೆಲುಗು ಸೀಮೆಗೆ ಬಂದು ಕೊಂಡಾಪುರದಲ್ಲಿ ಮನೆ ಹುಡುಕುವಾಗ ಮಾಲೀಕರ ಮೊದಲ ಪ್ರಶ್ನೆ, ಯಾವ ಕಂಪನಿ? ಕಂಪನಿಯಲ್ಲ, ಪ್ರಯೋಗಾಲಯ, ಪರಮಾಣುಗಳನ್ನು ತಣ್ಣಗಾಗಿಸುತ್ತೇವೆ ಅಂದೆ. ಹಾಗಾದರೆ ನಮ್ಮ ಫ್ರಿಜ್ ಒಮ್ಮೆ ನೋಡಮ್ಮ ಅಂದರು. ಮೈಸೂರಿನಲ್ಲಿ ಯಾರ ಮಗಳು ಎಂದು ಕೇಳಿ ಮನೆ ಕೊಡುತ್ತಾರೆ. ಇಲ್ಲಿ ಕೊರಳಲ್ಲಿರುವ ಕಂಪನಿಯ ಕಾರ್ಡ್ ನೋಡಿ. ಆರನೆಯ ಮನೆಯಲ್ಲಿ ಸಾಫ್ಟ್‌ವೇರ್ ಎಂದು ಸುಳ್ಳು ಹೇಳಿದೆ, ಬೀಗದ ಕೈ ಸಿಕ್ಕಿತು. ಆ ಸುಳ್ಳಿಗೆ ನನಗೇನೂ ನಾಚಿಕೆಯಿಲ್ಲ ಬಿಡಿ. ನಾಚಿಕೆ ಇನ್ನೊಂದಕ್ಕೆ.

ನಮ್ಮ ಕೆಲಸ ಇಷ್ಟು. ಹಸಿ ಕೋಡುಬಳೆಯನ್ನು ಎಷ್ಟು ಹಿಸುಕಿ ಎಳೆದರೂ, ಕಿತ್ತುಹೋಗುವವರೆಗೆ ಅದರ ನಡುವಿನ ತೂತು ತೂತೇ. ವಸ್ತುಗಳ ಒಳಗೂ ಅಂಥ ಹಟಮಾರಿ ಗುಣಗಳಿವೆ. ಅವನ್ನು ಹುಡುಕಲು ಪರಮಾಣುಗಳನ್ನು ಹೆಚ್ಚುಕಡಿಮೆ ನಿಶ್ಚಲವಾಗುವಷ್ಟು ತಣಿಸಿ, ಲೇಸರ್ ಬೆಳಕಿನ ಜಾಲರಿಯಲ್ಲಿ ಕೂರಿಸುತ್ತೇವೆ. ಅದಕ್ಕೆ ಗಾಳಿಯ ಸುಳಿವೂ ಇಲ್ಲದ ಉಕ್ಕಿನ ಪೆಟ್ಟಿಗೆ ಬೇಕು. ಬರಿಗೈಯಲ್ಲಿ ಮುಟ್ಟಿದರೆ ಕೆಟ್ಟಿತು. ಬೆರಳಿನ ಜಿಡ್ಡು ಒಳಗೆ ಆವಿಯಾಗುತ್ತಲೇ ಇರುತ್ತದೆ.

ಪೆಟ್ಟಿಗೆಯ ಮುಚ್ಚಳ ಮಾಡಿಕೊಟ್ಟವರು ಬಾಲಾನಗರದಲ್ಲಿ ಲೇತ್ ಇಟ್ಟಿರುವ ಮಲ್ಲಪ್ಪನವರು, ಮೂಲ ವಿಜಯಪುರದ ಕಡೆಯವರು. ನಾನು ಮೈಸೂರಿನವಳೆಂದು ತಿಳಿದದ್ದೇ ತೆಲುಗು ಬಿಟ್ಟು ಕನ್ನಡಕ್ಕೆ ಹೊರಳಿದರು. ಮೂರು ತಿಂಗಳಿಂದ ಮುಖಾಮುಖಿ ಕನ್ನಡ ಕೇಳದ ನನಗೆ ಅಳುವೇ ಬಂತು. ಮುಚ್ಚಳ ತಂದ ದಿನ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿಯನ್ನೂ ಕಟ್ಟಿಸಿಕೊಂಡು ಬಂದಿದ್ದರು. ಹೊರಗೆ ಕಟ್ಟೆಯ ಮೇಲೆ ಕೂತು ತಿಂದೆ. ಆ ಖುಷಿಯಲ್ಲಿ ಕೈಗವಸು ಮರೆತು ಮುಚ್ಚಳ ಕೂರಿಸಿದೆ.

ಹತ್ತು ದಿನ ಪಂಪು ಓಡಿದರೂ ಬೇಕಾದಷ್ಟು ನಿರ್ವಾತ ಬರಲಿಲ್ಲ. ಪ್ರೊಫೆಸರ್ ಕಾರಣ ಕೇಳಿದಾಗ, ಲೇತಿನ ಕೆಲಸ ಸರಿಯಿಲ್ಲ ಅಂದುಬಿಟ್ಟೆ. ಇನ್ನು ಆ ಮನುಷ್ಯನಿಗೆ ಕೆಲಸ ಕೊಡಬೇಡಿ ಎಂದು ಅವರು ನಿಂತಲ್ಲೇ ಹೇಳಿದರು. ಆಮೇಲೆ ಮುಚ್ಚಳ ಬಿಚ್ಚಿದರೆ ಅಂಚಿನಲ್ಲಿ ನನ್ನದೇ ಹೆಬ್ಬೆರಳ ಗುರುತು. ಥೂ, ನನ್ನ ಜನ್ಮಕ್ಕಿಷ್ಟು! ಯಾರೂ ನೋಡುವ ಮೊದಲು ಒರೆಸಿಬಿಟ್ಟೆ.

ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಬಾಲಾನಗರಕ್ಕೆ ಹೋಗಿ ಎಲ್ಲ ಹೇಳಿ ಕ್ಷಮೆ ಕೇಳಿದೆ. ಮಲ್ಲಪ್ಪನವರು ಲೇತ್ ನಿಲ್ಲಿಸಿ ಕೇಳಿಸಿಕೊಂಡರು.

"ನನ್ನ ಕೆಲಸ ನನಗ ಗೊತ್ತೈತ್ರಿ ತಂಗಿ. ಇಲ್ಲಿ ಬಂದು ಹೇಳಿದ್ರ ಏನ್ ಬಂತು? ಯಾರ ಮುಂದ ನನ್ನ ಹೆಸರು ಕೆಡಿಸೀರಿ, ಅವರ ಮುಂದ ಹೇಳ್ರಿ."

ಮರುದಿನ ಇಡೀ ಲ್ಯಾಬಿನ ಮುಂದೆ ತಲೆ ತಗ್ಗಿಸಿ ಪ್ರೊಫೆಸರ್‌ಗೆ ಹೇಳಿದೆ, ಬೈಸಿಕೊಂಡೆ. ಮಲ್ಲಪ್ಪನವರಿಗೆ ಲ್ಯಾಬಿನ ಕೆಲಸ ಮತ್ತೆ ಸಿಕ್ಕಿತು. ಮುಂದಿನ ಭಾಗ ತಂದುಕೊಟ್ಟ ದಿನ ನಾನೇ ಎದುರು ಹೋಗಿ, ಚೆನ್ನಾಗಿದ್ದೀರಾ ಅಂದೆ. ಅವರು ಕಾಗದ ಚಾಚಿ, "ಸಂತಕಂ ಪೆಟ್ಟಂಡಿ ಮೇಡಂ" ಅಂದರು. ಸಹಿ ಹಾಕಿ ಎನ್ನುವುದಕ್ಕೆ ತೆಲುಗಿನವರು ಹಾಗೆನ್ನುತ್ತಾರೆ.

ಈಗ ನನಗೂ ತೆಲುಗು ಸರಾಗ. ತರಕಾರಿಯವಳು ನನ್ನನ್ನು ಇಲ್ಲಿಯವಳೇ ಅಂದುಕೊಂಡಿದ್ದಾಳೆ. ಅಲ್ಲಿ ನಮ್ಮ ಕನ್ನಡದವರು ಯಾರಾದರೂ ಸಿಕ್ಕರೇನೇ ಎಂದು ಅಮ್ಮ ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಾಳೆ. ಸಿಕ್ಕಿದ್ದರು ಎನ್ನಲು ನಾಲಿಗೆ ಏಳುವುದಿಲ್ಲ. ಇನ್ನೂ ಇಲ್ಲಮ್ಮ ಅನ್ನುತ್ತೇನೆ.