ಮೂರು ಕಡೆ ಗೋಡೆಯಿಲ್ಲದ ಪಡಸಾಲೆ

ಆ ಅಕ್ಕ-ತಂಗಿ ಮೊದಲ ಸಲ ಮೆಟ್ಟಿಲು ಹತ್ತಿ ಬಂದಾಗ ನಾನು ಮೇಜಿನ ಮೇಲೆ ತಲೆಯಿಟ್ಟು ಕೂತಿದ್ದೆ. ಗಂಗಾವತಿಯಲ್ಲಿ ಔಷಧಿ ಅಂಗಡಿಯೊಂದರ ಮೇಲೆ ನನ್ನದೊಂದು ಚಿಕ್ಕ ಆಫೀಸು. ಮನೆಗಳ ನಕ್ಷೆ ಬರೆದುಕೊಡುವುದು ನನ್ನ ಕೆಲಸ. ಆ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಕುಷ್ಟಗಿಯಲ್ಲಿ ನೌಕರಿಯಲ್ಲಿದ್ದ ಗಂಡ ಭಾನುವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ಬೆಳಗ್ಗೆ ಅತ್ತೆಯ ಮೈ ಒರೆಸಿ, ಊಟ ಮಾಡಿಸಿ, ಪಕ್ಕದ ಮನೆಯವರಿಗೆ ಹೇಳಿ ಬರುತ್ತಿದ್ದೆ. ಬಂದರೆ ಎಲ್ಲ ಸೈಟಿಗೂ ಅದೇ ಮನೆ: ಮುಂದೆ ಪೋರ್ಟಿಕೋ, ನಡುವೆ ಹಾಲ್, ಮೂಲೆಗೆ ದೇವರ ಕೋಣೆ. ಬರೆಯುತ್ತ ಬರೆಯುತ್ತ ತೂಕಡಿಸಿದರೂ ಗೆರೆ ತಪ್ಪುತ್ತಿರಲಿಲ್ಲ.

ಅಕ್ಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ತಂಗಿ ಇನ್ನೂ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಗಂಡ ತೀರಿಕೊಂಡ ಮೇಲೆ ಅಕ್ಕ, ಮದುವೆಯಾಗದ ತಂಗಿಯ ಜೊತೆ ಯಲಬುರ್ಗಾದ ಬಾಡಿಗೆ ಮನೆಗೆ ಬಂದಿದ್ದರು. ರಸ್ತೆಗೆ ಅಂಟಿಕೊಂಡ ಮನೆ. ಧೂಳಿಗೆ ಹೆದರಿ ಕಿಟಕಿ ತೆರೆಯುತ್ತಲೇ ಇರಲಿಲ್ಲವಂತೆ. ಈಗ ಆನೆಗೊಂದಿಯ ದಾರಿಯಲ್ಲಿ, ಕಟ್ಟಲು ಅನುಮತಿ ಸಿಗುವ ಕಡೆ, ಭತ್ತದ ಗದ್ದೆಯ ಅಂಚಿಗೆ ಚೂರು ಜಾಗ ಕೊಂಡಿದ್ದರು. ರಜೆ ಸಿಕ್ಕಾಗ ಬಂದಿರಲು ಅಲ್ಲೊಂದು ಮನೆ ಬೇಕಿತ್ತು.

“ಗ್ವಾಡಿ ಕಮ್ಮಿ ಇರಬೇಕ್ರಿ,” ಅಂದರು ಅಕ್ಕ. “ಗಾಳಿ ಈ ಕಡಿಂದ ಬಂದು ಆ ಕಡೆ ಹೋಗಬೇಕು. ಮಲಕೊಂಡಲ್ಲಿಂದನ ಗದ್ದಿ ಕಾಣಬೇಕು.”

“ಹಾವೂ ಈ ಕಡಿಂದ ಬಂದು ಆ ಕಡೆ ಹೋಗಬೇಕೇನು?” ಎಂದು ತಂಗಿ ಕೇಳಿದರು.

ಜಾಗ ನೋಡಲು ಹೋದೆವು. ಹಿಂಬದಿಗೆ ಆನೆ ಮಲಗಿದಂಥ ಒಂದು ಬಂಡೆ. ಅದನ್ನೇ ಹಿಂದಿನ ಗೋಡೆ ಮಾಡಿ, ಉಳಿದ ಮೂರು ಕಡೆ ಬರೀ ಕಲ್ಲಿನ ಕಂಬ ನಿಲ್ಲಿಸಿ, ಮೇಲೆ ಹೆಂಚು ಹೊದಿಸಿದ ಪಡಸಾಲೆಯೊಂದನ್ನು ಬರೆದೆ. ಅಕ್ಕನಿಗೆ ಬಹಳ ಹಿಡಿಸಿತು. ತಂಗಿ ಮಾರನೆಯ ದಿನ ಒಬ್ಬರೇ ಬಂದು ಗೋಡೆ ಬರೆಸಿಕೊಂಡು ಹೋದರು. ಅಕ್ಕ ಫೋನ್ ಮಾಡಿ ಗೋಡೆ ಅಳಿಸಿದರು. ಹೀಗೇ ನಡೆಯಿತು. ಕೊನೆಗೆ ಅಡುಗೆಮನೆ, ಒಂದು ಮಲಗುವ ಕೋಣೆ ಗಟ್ಟಿಯಾಗಿ ಮುಚ್ಚಿರುವುದು, ಪಡಸಾಲೆ ಮಾತ್ರ ತೆರೆದಿರುವುದು ಎಂದು ಇಬ್ಬರನ್ನೂ ಕೂರಿಸಿ ಒಪ್ಪಿಸಿದೆ.

“ಬ್ಯಾರೆ ಯಾರಿಗರ ಕೊಟ್ಟುಬಿಡು ಆ ಕೆಲಸ,” ಅಂದರು ನನ್ನ ಗಂಡ. ಕೊಡಬಹುದಿತ್ತು. ಒಲ್ಲೆ ಅನ್ನಲಿಕ್ಕೂ ಒಂದಿಷ್ಟು ಕಸುವು ಬೇಕು, ನನ್ನಲ್ಲಿ ಅದಿರಲಿಲ್ಲ.

ಮನೆ ಎದ್ದಿತು. ಗೃಹಪ್ರವೇಶಕ್ಕೆ ಬಂದವರೆಲ್ಲ ಗಾಳಿಯನ್ನು ಹೊಗಳುತ್ತಿರುವಾಗಲೇ ಬಂಡೆಯ ಮೇಲಿಂದ ಮಂಗಗಳು ಇಳಿದವು. ಹೋಳಿಗೆಯ ಬುಟ್ಟಿಯೇ ಹೋಯಿತು. ಎಲೆಯ ಮುಂದೆ ಕೂತಿದ್ದವರು ಎದ್ದು ಓಡಿದರು. ಅಕ್ಕ ನಕ್ಕರು. ತಂಗಿ ಅತ್ತರು, ಬೆಳಗಿನಿಂದ ಕೂತು ಹೋಳಿಗೆ ಬೇಯಿಸಿದ್ದವರು ಅವರೇ.

ಆಮೇಲೆ ಫೋನುಗಳು ಶುರುವಾದವು. “ಸುತ್ತ ಕಬ್ಬಿಣದ ಜಾಳಿಗಿ ಹಾಕಿಸಿಬಿಡ್ರಿ, ಅಕ್ಕನ್ನ ಕೇಳಬ್ಯಾಡ್ರಿ,” ಎಂದು ತಂಗಿ. “ಜಾಳಿಗಿ ಹಾಕಿದ್ರ ನಾ ಅಲ್ಲಿಗೆ ಕಾಲ ಇಡಂಗಿಲ್ಲ ನೋಡ್ರಿ,” ಎಂದು ಅಕ್ಕ. ಬೇಸಿಗೆಯಲ್ಲಿ ಬಂಡೆ ಕಾದು ಕಾವಲಿಯಾಯಿತು, ಕತ್ತಲಾದರೂ ಆರಲಿಲ್ಲ. ಭತ್ತ ತೆನೆಗೆ ಬಂದಾಗ ದೀಪ ಹಚ್ಚಿದರೆ ಸಾಕು, ಹುಳಗಳು ಮುತ್ತಿದವು. ಎಲ್ಲದಕ್ಕೂ ಫೋನ್ ನನಗೇ. ಅತ್ತೆಯನ್ನು ಮಗ್ಗುಲು ಬದಲಿಸುತ್ತ, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು “ಹೂಂರಿ, ಹೂಂರಿ” ಅನ್ನುತ್ತಿದ್ದೆ.

ಮುಂದಿನ ಶ್ರಾವಣದಲ್ಲಿ ಅಕ್ಕ ಸೋತರು. ಜಾಳಿಗೆಗೆ ಅಳತೆ ತೆಗೆದುಕೊಳ್ಳಲು ಬನ್ನಿ ಎಂದು ತಂಗಿ ಕರೆದರು. ಮಧ್ಯಾಹ್ನ ಸ್ಕೂಟಿ ಹೊಡೆದುಕೊಂಡು ಹೋದೆ. ಕಾಲುವೆಗೆ ನೀರು ಬಿಟ್ಟಿದ್ದರು. ನಾಟಿಯಾದ ಗದ್ದೆ ಎಳೆ ಹಸಿರಾಗಿತ್ತು. ಅಕ್ಕ ಒಂದು ಲೋಟ ಮಜ್ಜಿಗೆ ತಂದಿಟ್ಟು ಒಳಗೆ ಹೋದರು. ಕುಡಿದು, ಒಂದು ಗಳಿಗೆ ಕಾಲು ನೀಡೋಣ ಎಂದು ಕಂಬಕ್ಕೆ ಒರಗಿದೆ. ನೀರಿನ ಮೇಲಿಂದ ಗಾಳಿ ಬರುತ್ತಿತ್ತು.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ಚಾಪೆಯ ಮೇಲಿದ್ದೆ, ತಲೆಯ ಕೆಳಗೆ ಮಡಿಚಿದ ಕೌದಿ. ಹೇಗೆ ಚಾಪೆಗೆ ಬಂದೆನೋ ನೆನಪಿಲ್ಲ. ಮನೆಯಲ್ಲಿ ಅತ್ತೆ ಕಾಯುತ್ತಿರುತ್ತಾರೆ ಎಂದು ಗಡಬಡಿಸಿ ಎದ್ದು ಕೂತೆ.

“ಫೋನ್ ಬಂದಿತ್ತೇನ್ರಿ?”

“ನಿಮ್ಮತ್ತೀನ ಮಾಡಿದ್ರು,” ಅಂದರು ತಂಗಿ. ಕಂಬದ ಪಕ್ಕ ಅಕ್ಕನ ಜೊತೆ ಕೂತು ಸೊಪ್ಪು ಸೋಸುತ್ತಿದ್ದರು. “ಮಲಗ್ಯಾರ್ರಿ ಅಂದೆ. ಎಬ್ಬಸಬ್ಯಾಡ್ರಿ ಅಕಿನ್ನ, ಅಂದ್ರು.”

ನಾನು ಅವಸರದಲ್ಲಿ ಟೇಪು ಹುಡುಕಿದೆ.

“ಇವತ್ತ ಬ್ಯಾಡ ಬಿಡ್ರಿ,” ಅಂದರು ತಂಗಿಯೇ. ಅಕ್ಕ ತಂಗಿಯ ಮುಖವನ್ನೇ ನೋಡಿದರು.

ಮನೆಗೆ ಬಂದು ನೋಡಿದರೆ ಅತ್ತೆ ದಿಂಬಿಗೆ ಒರಗಿ ಕೂತಿದ್ದರು. ಪಕ್ಕದ ಮನೆಯವರು ಚಹಾ ಕೊಟ್ಟು ಹೋಗಿದ್ದರು.

“ನಿದ್ದಿ ಆತೇನು?” ಎಂದು ಅತ್ತೆ ಕೇಳಿದರು.

“ಆತ್ರಿ,” ಅಂದೆ. ಅವರಿಗೆ ನೀರು ಕಾಯಿಸಲು ಇಟ್ಟೆ.

ಆ ರಾತ್ರಿಯೂ, ಮರುದಿನವೂ ಕೆಲಸವೇನೂ ಕಡಿಮೆಯಾಗಲಿಲ್ಲ. ದಣಿವೂ ಅಷ್ಟೇ. ದೀಪಾವಳಿಗೆ ಮುಂಚೆ ಹೋಗಿ ಅಳತೆ ತೆಗೆದೆ. ಎರಡು ಕಡೆಗೆ ಕಬ್ಬಿಣದ ಜಾಳಿಗೆ ಬಂತು. ಗದ್ದೆಯ ಕಡೆಯದನ್ನು ಹಾಗೇ ಬಿಡಿ ಎಂದವರು ತಂಗಿ. ಮಂಗಗಳಿಗೆ ಒಳಗೆ ಬರಲು ಅಷ್ಟು ಸಾಕು, ಬರುತ್ತಲೂ ಇವೆ. ಅದನ್ನೂ ಮುಚ್ಚಿಸಿ ಎಂದು ತಂಗಿಯಿಂದ ಇನ್ನೂ ಫೋನ್ ಬಂದಿಲ್ಲ.