ಯಾವ ಕ್ಯಾಂಪ್?

ನಮ್ಮ ಸಂತೆಕಲ್ಲೂರಿನ ಕಡೆ ಭೂಮಿ ಒಣ. ಜೋಳ, ತೊಗರಿ, ಕಡಲೆ. ಮುಗಿಲು ನೋಡಿ ಬಿತ್ತುವ ಜನ ನಾವು. ಅದಕ್ಕೇ ಏನೋ, ಸಿಂಧನೂರಿನ ಆಚೆ ಕಾಲುವೆ ನೀರು ಹರಿಯುವ ಸೀಮೆಯನ್ನೆಲ್ಲ ನಾವು ಒಂದೇ ಹೆಸರಿನಿಂದ ಕರೆಯುತ್ತೇವೆ: ಕ್ಯಾಂಪ್. ಕಾಲುವೆ ಬಂದ ಕಾಲಕ್ಕೆ ಆಂಧ್ರದ ರೈತರು ಬಂದು ಗದ್ದೆಗಳ ನಡುವೆಯೇ ಮನೆ ಹಾಕಿಕೊಂಡು ಕೂತ ಊರುಗಳವು. ಒಂದೊಂದಕ್ಕೂ ಅದರದೇ ಹೆಸರಿದೆ. ನಮಗೆ ಆ ಹೆಸರುಗಳ ಗೊಡವೆ ಇಲ್ಲ. ನಾಟಿಯ ಕಾಲಕ್ಕೆ ನಮ್ಮೂರ ಹೆಂಗಸರು ನಸುಕಿನಲ್ಲೇ ಬುತ್ತಿ ಕಟ್ಟಿಕೊಂಡು ಆಟೋ ಹತ್ತುತ್ತಾರೆ. ಎಲ್ಲಿಗೆ ಎಂದರೆ ಕ್ಯಾಂಪಿಗೆ. ಸಂಜೆ ಕೆಸರು ಕಾಲಲ್ಲಿ ಇಳಿಯುತ್ತಾರೆ. ಎಲ್ಲಿಂದ ಎಂದರೂ ಅದೇ ಮಾತು. ಆ ಒಂದು ಮಾತಿನೊಳಗೆ ಎಷ್ಟು ದೊಡ್ಡ ಸೀಮೆ ಅಡಗಿ ಕೂತಿದೆ ಎಂಬುದು ನನಗೆ ಗೊತ್ತಾಗಲು ಒಂದು ಕೆಟ್ಟ ಮಧ್ಯಾಹ್ನ ಬರಬೇಕಾಯಿತು.

ನಾನು ಗೌಂಡಿ. ಐದನೇ ಇಯತ್ತೆಗೆ ಸಾಲಿ ಬಿಟ್ಟೆ. ಅದಕ್ಕಾಗಿ ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಮಸ್ಕಿಯಿಂದ ಲಿಂಗಸುಗೂರಿನ ತನಕ ರಸ್ತೆಯ ಎರಡೂ ಬದಿಗೆ ನನ್ನ ಕೈಯ ಗೋಡೆಗಳು ನಿಂತಿವೆ. ಬಸ್ಸಿನ ಕಿಟಕಿಯಿಂದ ನೋಡುತ್ತ ಹೋದರೆ ಎದೆ ಉಬ್ಬುತ್ತದೆ. ನನ್ನ ಹೆಂಡತಿ ಕೂಲಿಗೆ ಹೋಗಬೇಕಾದ ಗತಿ ನಮ್ಮ ಮನೆಗೆ ಇರಲಿಲ್ಲ. ಆದರೂ ಹೋಗುತ್ತಿದ್ದಳು. ಆ ದಿನ ಬೆಳಿಗ್ಗೆಯೂ ಅದೇ ಜಗಳ.

"ನಾ ದುಡಿದು ತರಾಕತ್ತೀನಲ್ಲ, ನಿನಗ್ಯಾಕ ಬೇಕು ಆ ಕೆಸರು?"

"ನೀ ದುಡಿ, ಯಾರು ಬ್ಯಾಡ ಅಂದಾರ? ನನಗ ಮನ್ಯಾಗ ಗ್ವಾಡಿ ಜೋಡಿ ಕುಂತು ಸಾಕಾಗೈತಿ. ಅಲ್ಲಿ ಹತ್ತು ಮಂದಿ ಜೋಡಿ ಹಾಡ್ತೀವಿ, ನಗ್ತೀವಿ. ನೀ ಕಟ್ಟಿದ ಗ್ವಾಡಿ ಚಂದ ಅದಾವ, ಖರೆ. ಆದ್ರ ಒಂದೂ ಮಾತಾಡಂಗಿಲ್ಲ."

"ಆ ಆಟೋದಾಗ ಕುರಿ ತುಂಬಿದಂಗ ತುಂಬ್ತಾರ."

"ಕುರಿಗೋಳು ಇಳಿದ ಮ್ಯಾಲೆ ಹಾಡಂಗಿಲ್ಲ, ನಾವು ಹಾಡ್ತೀವಿ," ಎಂದು ಹೊರಗೆ ನಡೆದಳು. ನಾನು ಕರಣಿ, ತೂಗುಗುಂಡು ಚೀಲಕ್ಕೆ ಹಾಕಿಕೊಂಡು ಲಿಂಗಸುಗೂರಿಗೆ ಹೊರಟೆ.

ಅಲ್ಲಿ ಒಂದು ಮನೆಯ ಮೆಟ್ಟಿಲು ಕಟ್ಟುತ್ತಿದ್ದೆ. ಊಟದ ಹೊತ್ತು ಇನ್ನೂ ಆಗಿರಲಿಲ್ಲ. ಸಿಮೆಂಟು ಕಲಸುವವನು ಕೈ ಒರೆಸಿಕೊಂಡು ಮೊಬೈಲು ನೋಡುತ್ತ ಕೂತವನು ಇದ್ದಕ್ಕಿದ್ದಂತೆ ನನ್ನ ಕಡೆ ಹಿಡಿದ. "ಮೇಸ್ತ್ರಿ, ಇಲ್ನೋಡ್ರಿ. ಕ್ಯಾಂಪ್ ಹತ್ರ ಆಟೋ ಕಾಲುವಿಗೆ ಬಿದ್ದೈತಂತ. ನಾಟಿ ಹೆಣ್ಮಕ್ಕಳಂತ."

ಚಿತ್ರದಲ್ಲಿ ಕೆಂಪು ನೀರು. ನೀರಿನ ಮೇಲೆ ಮೂರು ಗಾಲಿ ಆಕಾಶ ನೋಡುತ್ತಿದ್ದವು. ದಂಡೆಯ ಮೇಲೆ ಬುತ್ತಿಯ ಗಂಟೊಂದು ಬಿಚ್ಚಿಹೋಗಿ ರೊಟ್ಟಿ ಹರಡಿತ್ತು. ಆಟೋ ಯಾರದೆಂದು ಹೇಗೆ ಗುರುತು ಹಿಡಿಯುವುದು? ತಲೆಕೆಳಗಾದ ಆಟೋಗಳೆಲ್ಲ ಒಂದೇ ರೂಪ.

ಫೋನು ಹಚ್ಚಿದೆ. ರಿಂಗಾಗುತ್ತಿತ್ತು, ಎತ್ತಲಿಲ್ಲ. ನಾಟಿ ಮಾಡುವ ಹೆಂಗಸರು ಫೋನನ್ನು ಬುತ್ತಿಚೀಲದೊಳಗೆ ಗಂಟು ಹಾಕಿ ಬದುವಿನ ಗಿಡಕ್ಕೆ ತೂಗು ಹಾಕುತ್ತಾರೆ ಎಂಬುದು ನನಗೆ ಗೊತ್ತು. ನೀರಿಗೆ ಬಿದ್ದ ಫೋನು ರಿಂಗಾಗುವುದಿಲ್ಲ ಎಂಬುದೂ ಗೊತ್ತು. ಆದರೆ ಫೋನಿನ ಚೀಲ ದಂಡೆಗೆ ಸಿಡಿದು ಬಿದ್ದಿದ್ದರೆ? ಆ ರೊಟ್ಟಿಯ ಗಂಟಿನ ಹಾಗೆ? ಕರಣಿ ಅಲ್ಲೇ ಗಾರೆಯಲ್ಲಿ ಬಿಟ್ಟು ಎದ್ದೆ.

ಮಸ್ಕಿಯ ಬಸ್ಸು ಆಗಷ್ಟೇ ಹೋಗಿತ್ತು. ಸ್ಟ್ಯಾಂಡಿನ ಹೊರಗೆ ಶೇರ್ ಆಟೋ ನಿಂತಿತ್ತು. ಹತ್ತಿ ಕೂತೆ. ಸೀಟು ತುಂಬದೆ ಬಿಡುವುದಿಲ್ಲ ಎಂಬುದು ಇಲ್ಲಿಯ ಕಾನೂನು. ಡ್ರೈವರ್ ಬೀಡಿ ಹಚ್ಚಿಕೊಂಡು, "ಇನ್ನೊಂದು ಸೀಟು ಬರ್ಲಿ ಕಾಕಾ, ಹೊಂಟೇಬಿಟ್ವಿ," ಎನ್ನುತ್ತಲೇ ಇದ್ದ. ಆ ಇನ್ನೊಂದು ಸೀಟು ಬಂದ ಮೇಲೆ ಮತ್ತೊಂದು. ನಾನು ಯಾಕೆ ಅವಸರದಲ್ಲಿದ್ದೇನೆ ಎಂದು ಒಂದು ಮಾತು ಹೇಳಿದ್ದರೆ ಬಿಡುತ್ತಿದ್ದನೋ ಏನೋ. ಹೇಳಲಿಲ್ಲ. ಕೆಟ್ಟದ್ದನ್ನು ನಾಲಿಗೆಯ ಮೇಲೆ ತಂದರೆ ಮೇಲಿನಿಂದ ಯಾರೋ ಅಸ್ತು ಅಂದುಬಿಡುತ್ತಾರೆ ಎಂದು ನಂಬಿದ ಮನೆತನ ನಮ್ಮದು.

ನಾನು ಹೇಳದಿದ್ದರೇನು, ಆಟೋದಲ್ಲಿ ಎಲ್ಲರ ಬಾಯಲ್ಲೂ ಅದೇ ಸುದ್ದಿ.

"ಇಬ್ರು ಹೋದ್ರಂತ."

"ಇಬ್ರಲ್ರೀ, ಆರು ಮಂದಿ. ನಮ್ಮ ಅಳಿಯನ ಗ್ರೂಪಿನ್ಯಾಗ ಬಂದೈತಿ."

"ಮಸ್ಕಿ ಕಡೆಯೋರಂತ ಮತ್ತ."

"ಡ್ರೈವರ ಮುಂದಿನ ಸೀಟಿನ್ಯಾಗ ಎಡಕ್ಕೆರಡು ಬಲಕ್ಕೆರಡು ಕೂರಿಸ್ಕೊಂಡಿದ್ನಂತ, ಹ್ಯಾಂಡಲ್ ಹೆಂಗ ತಿರುವ್ತಾನ?" ಎಂದವನ ಎಡಕ್ಕೆ ಇಬ್ಬರು, ಬಲಕ್ಕೆ ಒಬ್ಬ. ಹೇಳಿದವನು ನಮ್ಮ ಡ್ರೈವರನೇ. ಯಾರೂ ನಗಲಿಲ್ಲ. ನಾನು ಕಂಬಿ ಹಿಡಿದು ಕೂತಿದ್ದೆ. ದಾರಿಯ ಬದಿಗೆ ನಾನು ಕಟ್ಟಿದ ಗೋಡೆಗಳು ಬಂದವು, ಹೋದವು. ಒಂದನ್ನೂ ಕಣ್ಣೆತ್ತಿ ನೋಡಲಾಗಲಿಲ್ಲ.

ಮಸ್ಕಿಯಲ್ಲಿ ಬಸ್ಸು ಸಿಕ್ಕಿತು. ಸಿಂಧನೂರಿನಲ್ಲಿ ಇಳಿದು ಆಟೋ ಸ್ಟ್ಯಾಂಡಿಗೆ ಓಡಿ, "ಕ್ಯಾಂಪಿಗೆ ನಡಿ," ಎಂದೆ.

ಡ್ರೈವರ್ ನನಗಿಂತ ಸಣ್ಣವ, ಕೊರಳಲ್ಲಿ ಟವೆಲ್ಲು. "ಯಾವ ಕ್ಯಾಂಪ್?"

"ನಾಟಿ ನಡದೈತಲ್ಲ, ಆ ಕ್ಯಾಂಪ್."

"ಅಣ್ಣಾ, ಸಿಂಧನೂರಿಗೆ ಬಂದು ಕ್ಯಾಂಪ್ ಎಲ್ಲೈತಿ ಅಂದ್ರ, ಹೊಳಿಗೆ ಇಳಿದು ನೀರು ಎಲ್ಲೈತಿ ಅಂದಂಗಾತು. ಸುತ್ತಕಡಿ ಕ್ಯಾಂಪೇ. ಎಲ್ಲಾ ಕಡಿ ನಾಟಿನೇ. ಹೆಸರು ಹೇಳು."

ನನಗೆ ಹೆಸರು ಗೊತ್ತಿರಲಿಲ್ಲ. ಮದುವೆಯಾದಾಗಿನಿಂದ ಪ್ರತಿ ಮಳೆಗಾಲವೂ ಅವಳು ಹೋಗಿ ಬಂದಿದ್ದಾಳೆ. ಹೆಸರು ಅವಳೂ ಹೇಳಿರಲಿಲ್ಲ, ಹೇಳಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ. ಕಡೆಗೆ ಆ ಮಾತನ್ನು ಬಾಯಿಂದ ಹೊರಗೆ ಹಾಕಲೇಬೇಕಾಯಿತು. "ಆಟೋ ಬಿದ್ದ ಕ್ಯಾಂಪ್," ಎಂದೆ.

ಅವನ ಮುಖ ಬದಲಾಯಿತು. "ಅದು ದಢೇಸುಗೂರ ಕಡಿ. ನಿಮ್ಮೋರು ಇದ್ರೇನು?"

"ಗೊತ್ತಿಲ್ಲ."

ಯಾವೂರು ಎಂದು ಕೇಳಿದ, ಸಂತೆಕಲ್ಲೂರು ಎಂದೆ. ಹಿಂದೆ ಕೂತಿದ್ದ ಇಬ್ಬರನ್ನು ಇಳಿಸಿ, ನನ್ನೊಬ್ಬನನ್ನೇ ಕೂರಿಸಿಕೊಂಡು ಗಾಡಿ ಬಿಟ್ಟ.

ಆ ರಸ್ತೆಯಲ್ಲಿ ಎಲ್ಲಿ ನೋಡಿದರೂ ನೀರು. ಗದ್ದೆಯಲ್ಲಿ ನೀರು, ಬಸಿಗಾಲುವೆಯಲ್ಲಿ ನೀರು, ರಸ್ತೆಗೆ ಅಂಟಿಕೊಂಡೇ ದಂಡೆ ಮುಟ್ಟಿ ಹರಿಯುವ ಕಾಲುವೆ. ಒಣಭೂಮಿಯವನಿಗೆ ನೀರೆಂದರೆ ಸಂತೋಷ. ಆ ದಿನ ಅದು ಸದ್ದಿಲ್ಲದೆ ನಮ್ಮ ಆಟೋದ ಜೊತೆ ಓಡಿ ಬರುತ್ತಿತ್ತು. ನಾವು ನಿಧಾನಿಸಿದರೂ ಅದು ನಿಧಾನಿಸಲಿಲ್ಲ.

ಜನ ದಂಡೆಯ ಮೇಲೆ ಗುಂಪುಗೂಡಿದ್ದರು. ಆಟೋವನ್ನು ಹಗ್ಗ ಕಟ್ಟಿ ಎಳೆದು ಹಾಕಿದ್ದರು. ಗಾಯವಾದವರನ್ನು ಆಗಲೇ ಆಸ್ಪತ್ರೆಗೆ ಒಯ್ದಿದ್ದರಂತೆ. ಅವರನ್ನು ಒಯ್ದ ಮೇಲೆ ಕೆಳಗಿನ ತೂಬಿನ ಹತ್ತಿರ ಒಬ್ಬಾಕೆ ಸಿಕ್ಕಿದ್ದಳು. ನೀಲಿ ತಾಡಪತ್ರಿ ಹೊದಿಸಿದ್ದರು. ಗುರುತು ಹೇಳುವವರು ಅಲ್ಲಿ ಯಾರೂ ಉಳಿದಿರಲಿಲ್ಲ.

ಪೋಲೀಸಿನವನೊಬ್ಬ ನನ್ನನ್ನು ನೋಡಿ, "ನಿಮ್ಮೋರೇನು ನೋಡಪಾ," ಎಂದು ತಾಡಪತ್ರಿಯ ಒಂದು ಅಂಚು ತೋರಿಸಿದ.

ಕೂತೆ. ಮುಖದ ಕಡೆ ಕೈ ಹೋಗಲಿಲ್ಲ. ನನ್ನ ಹೆಂಡತಿಯ ಎಡಗೈಯ ಮೇಲೆ, ಮಣಿಕಟ್ಟಿನ ಒಳಬದಿಗೆ, ತವರಿನಲ್ಲಿ ಹಾಕಿಸಿದ ಚೇಳಿನ ಹಚ್ಚೆ ಇದೆ. ತಾಡಪತ್ರಿಯನ್ನು ಅಷ್ಟೇ ಸರಿಸಿದೆ. ತಣ್ಣಗಿನ ಎಡಗೈ. ಹೊರಳಿಸಿ ನೋಡಿದೆ. ಹಚ್ಚೆ ಇರಲಿಲ್ಲ.

"ನಮ್ಮೋರಲ್ಲ," ಎಂದೆ.

ಅಷ್ಟರಲ್ಲಿ ನನ್ನ ಡ್ರೈವರ್ ಅವರಿವರಿಗೆ ಫೋನು ಹಚ್ಚಿ ವಿಚಾರಿಸಿದ್ದ. ಓಡಿ ಬಂದ. "ಅಣ್ಣಾ, ಸಂತೆಕಲ್ಲೂರ ಗ್ಯಾಂಗ್ ಈ ಕಡಿ ಬಂದೇ ಇಲ್ಲ. ಮುಕ್ಕುಂದ ಕಡಿ ಕ್ಯಾಂಪಿನ್ಯಾಗ ನಾಟಿ ಹಚ್ಚಾಕತ್ತೈತಂತ. ಬಾ, ಬಾ." ಅವನ ಹಿಂದೆ ಓಡಿದೆ. ಹಿಂತಿರುಗಿ ನೋಡಲಿಲ್ಲ.

ಅವಳು ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ನಿಂತಿದ್ದಳು. ಬದುವಿನ ಮೇಲೆ ನನ್ನನ್ನು ಕಂಡದ್ದೇ ಸೊಂಟ ನೆಟ್ಟಗೆ ಮಾಡಿ, "ಯಾಕ, ಗ್ವಾಡಿ ಬಿತ್ತೇನು?" ಎಂದಳು.

ಹೆಂಗಸರೆಲ್ಲ ನಕ್ಕರು. ತುದಿಯಲ್ಲಿದ್ದ, ಕೂದಲು ನೆರೆತ ಒಬ್ಬಾಕೆ, "ನೋಡ್ರೇ, ಹೆಣ್ತಿ ಬಿಟ್ಟು ಒಂದಿನ ಇರಾಕಾಗಂಗಿಲ್ಲ ಇವಂಗ. ಬಾರಪಾ, ನೀನೂ ಒಂದು ಸಾಲು ಹಿಡಿ!" ಎಂದಳು.

ನನ್ನನ್ನು ಕರೆತಂದ ಡ್ರೈವರನಿಗೆ ದುಡ್ಡು ಕೊಟ್ಟು ಕಳಿಸಿದೆ. ಬದುವಿನ ಮೇಲೆ ಕೂತೆ. ಇದೇ ಹೆಂಗಸರು ಸಂಜೆ ಕಾಲುವೆಯ ಬದಿಗೇ ಆಟೋದಲ್ಲಿ ಹೋಗಬೇಕಾದವರು; ಕೆಸರಿನಲ್ಲಿ ನಿಂತವರ ಎದೆಗೆ ಈಗಲೇ ನೀರಿನ ಭಯ ಯಾಕೆ ತುಂಬಬೇಕು ಎನಿಸಿತು. ನನ್ನ ಹೆಂಡತಿ ಬದುಕಿದ್ದಳು. ಆ ಹೊತ್ತಿಗೆ ನನಗೆ ಅಷ್ಟು ಸಾಕಾಗಿತ್ತು.

ಹೊತ್ತು ಇಳಿಯುವಾಗ ಅವರ ಆಟೋ ಬಂತು. ಹಿಂದೆ ಆರು, ಎದುರಿಗೆ ಐದು, ಹಿಂಬದಿಯ ಹಲಗೆಗೆ ಕಾಲು ಇಳಿಬಿಟ್ಟು ಮೂವರು. ನನಗೆ ಡ್ರೈವರನ ಮಗ್ಗುಲಿಗೆ ಅರ್ಧ ಸೀಟು. ಒಂದು ತೊಡೆ ಒಳಗೆ, ಒಂದು ಹೊರಗೆ. ಹೊರಗಿನ ಬದಿಗೆ ಕಾಲುವೆ. ಹಿಂದೆ ಹಾಡು ಶುರುವಾಯಿತು. ಮುಂದೆ ದಂಡೆ ಕಿರಿದಾಗಿ ತಿರುವು ಬಂತು. ಡ್ರೈವರ್ ಹ್ಯಾಂಡಲ್ ತಿರುವಲು ಹೋದಾಗ ಅವನ ಮೊಣಕೈ ನನ್ನ ಪಕ್ಕೆಗೆ ಸಿಕ್ಕಿ ಅಲ್ಲೇ ನಿಂತಿತು.

"ನಿಂದ್ರಸು," ಎಂದೆ. "ಎಲ್ಲಾರೂ ಇಳೀರಿ. ತಿರುವು ದಾಟೋತನ ನಡಕೋತ ಹೋಗೂನು."

"ಏ, ಇದೇನ್ರೀ! ದಿನಾ ಹೋಗ್ತೀನಿ ಇಲ್ಲೆ," ಎಂದು ಡ್ರೈವರ್ ಸಿಟ್ಟಾದ.

"ನಿನ್ನ ಗಂಡಗ ಏನಾಗೈತೇ?" ಎಂದು ಯಾರೋ ಹೆಂಡತಿಯನ್ನು ಕೆಣಕಿದರು. ಅವಳು ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. "ನೀ ಸುಮ್ಮಸುಮ್ಮನ ಬಂದಿಲ್ಲ. ಏನಾಗೈತಿ, ಹೇಳು," ಎಂದಳು.

ಹೇಳಿದೆ. ದಢೇಸುಗೂರ ಕಡೆಯ ಕ್ಯಾಂಪು, ಕಾಲುವೆ, ಆಟೋ, ತಾಡಪತ್ರಿಯ ಕೆಳಗಿನಾಕೆ. ಹಾಡು ಎಲ್ಲಿ ನಿಂತಿತೋ ಗೊತ್ತಾಗಲಿಲ್ಲ. ಎಲ್ಲರೂ ಇಳಿದು ದಂಡೆಯ ಮೇಲೆ ನಿಂತರು.

"ಯಾವೂರೋರು?" ಎಂದು ಕೂದಲು ನೆರೆತಾಕೆ ಕೇಳಿದಳು.

ನನಗೆ ಗೊತ್ತಿರಲಿಲ್ಲ. ಕೇಳಿರಲಿಲ್ಲ.

ನಮ್ಮ ಮನೆಯಿಂದ ಎರಡು ಮನೆ ಆಚೆಗಿನ ಸೊಸೆ, ಇನ್ನೂ ಹೊಸ ಮದುವೆಯ ಹುಡುಗಿ, ಮುಂದೆ ಬಂದಳು. "ಮಾವಾ, ನಮ್ಮಕ್ಕ ಮಸ್ಕಿ ಗ್ಯಾಂಗಿನ್ಯಾಗ ಹೋಗ್ಯಾಳ. ಆಕೀನೂ ಕ್ಯಾಂಪಿಗೆ ಅಂದಾಳ." ಬುತ್ತಿಚೀಲದಿಂದ ಫೋನು ತೆಗೆಯುತ್ತ ಕೇಳಿದಳು. "ನೀ ನೋಡಿದಾಕಿ ಹೆಂಗಿದ್ಲು?"

"ನಾ ಮುಖ ನೋಡ್ಲಿಲ್ಲವಾ. ಬರೇ ಕೈ ನೋಡೀನಿ."

ಅವಳು ಬಯ್ಯಲಿಲ್ಲ, ಅಳಲೂ ಇಲ್ಲ. ಅಕ್ಕನಿಗೆ ಫೋನು ಹಚ್ಚಿದಳು, ಎತ್ತದಿದ್ದಾಗ ಕಿವಿಯಿಂದ ತೆಗೆದಳು. ಡ್ರೈವರ್ ಖಾಲಿ ಗಾಡಿಯನ್ನು ತಿರುವು ದಾಟಿಸಿ, ಸಿಂಧನೂರ ಆಸ್ಪತ್ರೆಯ ದಾರಿಗೆ ಮುಖ ಮಾಡಿ ನಿಲ್ಲಿಸಿದ. ಮನೆಗೆ ಹೋಗುತ್ತೇನೆ ಎಂದು ಒಬ್ಬಳೂ ಹೇಳಲಿಲ್ಲ. ತಿರುವು ದಾಟುವ ತನಕ ನಡೆದರು, ಮತ್ತೆ ಹತ್ತಿದರು. ನನ್ನ ಹೆಂಡತಿ ಆ ಹುಡುಗಿಯನ್ನು ನಡುವೆ ಕೂರಿಸಿಕೊಂಡಳು.

ಗಾಡಿ ಹೊರಟ ಮೇಲೆ ಹಿಂದಿನಿಂದ ಆ ಹುಡುಗಿಯ ದನಿ ಬಂತು. "ಮಾವಾ, ಕೈಯಾಗ ಬಳಿ ಇದ್ವೇನು?"

"ಇದ್ವು."

"ಯಾವ ಬಣ್ಣ?"

ಅದು ನೆನಪಿತ್ತು. "ಹಸಿರು," ಎಂದೆ.

ತಿರುಗಿ ನೋಡಿದೆ. ಕಂಬಿ ಹಿಡಿದು ಕೂತ ಅಷ್ಟೂ ಹೆಂಗಸರ ಕೈಯಲ್ಲಿ, ಕೆಸರು ಮೆತ್ತಿಕೊಂಡು, ಹಸಿರು ಬಳೆಗಳೇ ಇದ್ದವು.